ನಾಟಕ ನೋಡೋಕೆ ಹೋಗೋಣ

ಬಾದಾಮಿಯ ಹತ್ತಿರ ಬನಶಂಕರಿ ಇದೆ. ಬನದ ಹುಣ್ಣಿಮೆಗೆ ಅಲ್ಲಿ ತೇರು ಎಳೆಯುತ್ತಾರೆ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ. ಯಾಕೆ ಗೊತ್ತಾ? ಅಲ್ಲಿ ನಾಟಕ ಇರುತ್ತದೆ! ಹಲವು ನಾಟಕ ಕಂಪನಿಗಳು ಅಲ್ಲಿ ಡೇರೆ ಹಾಕುತ್ತವೆ. ಬಳೆ ಕೊಳ್ಳಲು ಬಂದವರು, ಬಾಗಿಲು ಚೌಕಟ್ಟು ಕೊಳ್ಳಲು ಬಂದವರು ರಾತ್ರಿ ನಾಟಕ ನೋಡಿಯೇ ಊರಿಗೆ ಹೋಗುತ್ತಾರೆ.

ಇವು ಬರೀ ಮಾತಿನ ನಾಟಕ ಅಲ್ಲ. ಹಾಡಿನ ನಾಟಕ. ಸಿಟ್ಟು ಬಂದರೂ ಹಾಡು, ಅಳು ಬಂದರೂ ಹಾಡು. ಈ ಹಾಡುಗಳಿಗೆ ರಂಗಗೀತೆ ಅಂತ ಹೆಸರು. ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಕೂತಿರುತ್ತಾರೆ. ತಬಲಾದವರು ಇರುತ್ತಾರೆ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಬೇಕಿತ್ತು. ಗಂಟಲು ಅಷ್ಟು ಗಟ್ಟಿ ಇರಬೇಕಿತ್ತು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಕಂಪನಿ ಶುರುವಾಯಿತು. ಅದೇ ಗುಬ್ಬಿ ಕಂಪನಿ. ಆಗ ಹೆಂಗಸರ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು. ಹೆಣ್ಣುಮಕ್ಕಳು ನಾಟಕದಲ್ಲಿ ನಿಲ್ಲುವುದು ಮರ್ಯಾದೆ ಅಲ್ಲ ಅಂತ ಜನ ತಿಳಿದಿದ್ದರು. ಮುಂದೆ ಗುಬ್ಬಿ ವೀರಣ್ಣನವರು ಹೆಣ್ಣುಮಕ್ಕಳಿಂದಲೇ ಆ ಪಾತ್ರ ಮಾಡಿಸಿದರು. ಬಿ. ಜಯಮ್ಮ ಹಾಡಿ, ಅಭಿನಯಿಸಿ ದೊಡ್ಡ ಹೆಸರು ಪಡೆದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ಅವರೂ ಹಾಡುತ್ತಾ ಬೆಳೆದವರು. 2010ರಲ್ಲಿ ರಾಜ್ಯಸಭೆಯ ಸದಸ್ಯರಾದರು. 2013ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾಟಕ ಸಿನಿಮಾದಂತೆ ಅಲ್ಲ. ಸಿನಿಮಾದಲ್ಲಿ ನಾವು ಎಷ್ಟು ಗಲಾಟೆ ಮಾಡಿದರೂ ಪರದೆಯ ಮೇಲಿನವರಿಗೆ ಕೇಳುವುದಿಲ್ಲ. ನಾಟಕದಲ್ಲಿ ಎಲ್ಲಾ ಕೇಳುತ್ತದೆ. ನಾವು ನಕ್ಕರೆ ಅವರಿಗೆ ಹುರುಪು ಬರುತ್ತದೆ. ಮೊಬೈಲು ಬಡಿದುಕೊಂಡರೆ ಮಾತು ತಪ್ಪುತ್ತದೆ. ತಪ್ಪಿದ ಮಾತನ್ನು ಸಿನಿಮಾದಲ್ಲಿ ತಿದ್ದಬಹುದು. ಇಲ್ಲಿ ಎಲ್ಲರ ಕಣ್ಣೆದುರೇ ತಪ್ಪುತ್ತದೆ.

ಹಾಗಾಗಿ ಸ್ವಲ್ಪ ಬೇಗ ಹೋಗೋಣ. ಮೂರನೇ ಗಂಟೆ ಹೊಡೆದ ಮೇಲೆ ಪರದೆ ಏಳುತ್ತದೆ. ಅದಕ್ಕೆ ಮೊದಲೇ ಕೂತಿರಬೇಕು. ಮೊಬೈಲು ಆರಿಸಿಡೋಣ. ಮಗು ಅತ್ತರೆ ಎತ್ತಿಕೊಂಡು ಹೊರಗೆ ಬರೋಣ, ಸುಮ್ಮನಾದ ಮೇಲೆ ಮತ್ತೆ ಒಳಗೆ ಹೋಗೋಣ. ಮಗು ಇದೆ ಅಂತ ಮನೆಯಲ್ಲೇ ಉಳಿಯಬೇಕಿಲ್ಲ.

ಚಪ್ಪಾಳೆ ಹೊಡೆಯಲು ಹೆದರಬೇಡಿ. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಾರೆ. ಅಂದರೆ ಇನ್ನೊಮ್ಮೆ ಹಾಡಿ ಅಂತ. ಅದು ತಪ್ಪಲ್ಲ, ಅಲ್ಲಿಯ ಪದ್ಧತಿ. ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಳಬರು ನಗುತ್ತಾ ಹೇಳುತ್ತಾರೆ! ಎಲ್ಲಾ ಕಡೆ ಹೀಗಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ರಂಗಶಂಕರ ಎಂಬ ನಾಟಕದ ಮನೆ ಶುರುವಾಯಿತು. ಅಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಒಳಗೆ ತಿನ್ನುವಂತಿಲ್ಲ. ಹೊಸ ಜಾಗಕ್ಕೆ ಹೋದಾಗ ಪಕ್ಕದವರನ್ನು ನೋಡಿ ನಡೆದುಕೊಂಡರೆ ಆಯಿತು.

ಹಳ್ಳಿಯ ನಾಟಕದ ಮಾತೇ ಬೇರೆ. ಊರ ಗಂಡಸರು ಸೇರಿ ಆಡುತ್ತಾರೆ. ಹೆಣ್ಣಿನ ಪಾತ್ರಕ್ಕೆ ಬೇರೆ ಊರಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರಿಗೆ ಇದು ದುಡಿಮೆ. ನಾವು ಕಳೆ ತೆಗೆಯಲು ಹೋದ ಹಾಗೆ, ಬೀಡಿ ಕಟ್ಟಿದ ಹಾಗೆ. ಸಂಜೆ ಬಸ್ಸಿಗೆ ಬರುತ್ತಾರೆ. ರಾತ್ರಿಯೆಲ್ಲಾ ಹಾಡಿ ಕುಣಿಯುತ್ತಾರೆ. ಎಷ್ಟೋ ಜನರ ಮನೆ ಈ ದುಡ್ಡಿನಿಂದಲೇ ನಡೆಯುತ್ತದೆ. ಆದರೆ ಅವರನ್ನು ಕಂಡರೆ ಕೆಲವರಿಗೆ ಸಲಿಗೆ. ಸೀಟಿ ಹೊಡೆಯುತ್ತಾರೆ. ಕೆಟ್ಟ ಮಾತು ಆಡುತ್ತಾರೆ. ಬಹುಮಾನ ಕೊಡುವ ನೆಪದಲ್ಲಿ ಮೇಲೆ ಹತ್ತಿ ನೋಟನ್ನು ಅವರ ಸೆರಗಿಗೆ ಪಿನ್ನು ಹಾಕಲು ಹೋಗುತ್ತಾರೆ. ದುಡ್ಡು ಕೊಡಲಿ, ಬೇಡ ಅನ್ನುವುದಿಲ್ಲ. ಕೈಗೆ ಕೊಟ್ಟರೆ ಸಾಲದೇ? ಹೆಂಗಸರಲ್ಲೂ ಕೆಲವರು "ನಾಟಕದವಳು" ಅಂತ ಮೂಗು ಮುರಿಯುತ್ತಾರೆ. ಸೀತೆಯ ವೇಷದಲ್ಲಿ ಬಂದಾಗ ಕೈ ಮುಗಿದವರೇ ಬಣ್ಣ ತೊಳೆದ ಮೇಲೆ ಹಗುರವಾಗಿ ಮಾತಾಡುತ್ತಾರೆ. ಇದು ಯಾವ ನ್ಯಾಯ?

ನಾವು ಹತ್ತು ಹದಿನೈದು ಹೆಂಗಸರು ಒಟ್ಟಿಗೆ ಹೋಗಿ ಮುಂದೆ ಚಾಪೆ ಹಾಸಿ ಕೂತರೆ ಈ ಪುಂಡಾಟ ತಾನಾಗಿ ಕಡಿಮೆಯಾಗುತ್ತದೆ. ಎದುರಿಗೆ ಅಕ್ಕ, ಅತ್ತೆ, ದೊಡ್ಡಮ್ಮ ಕೂತಿದ್ದರೆ ಸೀಟಿ ಹೊಡೆಯಲು ಹುಡುಗರು ಹಿಂದೆ ಮುಂದೆ ನೋಡುತ್ತಾರೆ. ಆದರೂ ನಿಲ್ಲಿಸದಿದ್ದರೆ ನಾಟಕ ಆಡಿಸುವವರಿಗೆ ಹೇಳೋಣ. "ಅವರನ್ನು ಹೊರಗೆ ಕಳಿಸಿ, ಇಲ್ಲಾಂದ್ರೆ ನಾವೆಲ್ಲಾ ಎದ್ದು ಹೋಗ್ತೀವಿ" ಅನ್ನೋಣ. ಮುಂದಿನ ಸಾಲು ಖಾಲಿಯಾಗುವುದು ಯಾರಿಗೂ ಬೇಡ. ನಮಗೇ ಯಾರಾದರೂ ತೊಂದರೆ ಕೊಟ್ಟರೂ ಹೀಗೇ. ಮನೆಗೆ ಬರುವಾಗಲೂ ಒಟ್ಟಿಗೆ ಬರೋಣ. ಬ್ಯಾಟರಿ ಜೊತೆಗಿರಲಿ.

ಕೊನೆಗೆ ಮಂಗಳ ಹಾಡುತ್ತಾರೆ. ಅಷ್ಟರಲ್ಲೇ ಚಾಪೆ ಸುತ್ತಬೇಡಿ. ಅದೂ ನಾಟಕವೇ. ಮುಗಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ಕಲಾವಿದೆಯರು ಮೊದಲ ಬಸ್ಸಿಗೆ ಕಾಯುತ್ತಾ ಕೂತಿರುತ್ತಾರೆ. ಹತ್ತಿರದ ಮನೆಯವರು ಯಾರಾದರೂ "ಬನ್ನಿ ಅಕ್ಕ" ಅಂತ ಕರೆಯಬಹುದು. ಒಂದು ಲೋಟ ಚಹಾ, ಮುಖ ತೊಳೆಯಲು ಬಿಸಿನೀರು ಕೊಡಬಹುದು. ಬಣ್ಣ ಬರೀ ನೀರಿಗೆ ಹೋಗುವುದಿಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆಯೂ ಬೇಕು.