ಕಾಲರಾ: ಒಂದು ಪದ, ಎರಡು ದಾರಿ

ಮುರ್ಮುಗಾಂವ್ ಬಂದರನ್ನು ಸುತ್ತುವರಿದ ವಾಸ್ಕೊ, ಬಾಯ್ನಾ, ಸಡಾ, ಜುವಾರಿನಗರಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಅವರು ಬಳಸುವ ‘ಕಾಲರಾ’ ಎಂಬ ಪದವೂ ಗೋವೆಯನ್ನಾಳಿದ ಪೋರ್ಚುಗೀಸರ ‘ಕೊಲೆರ’ ಎಂಬ ಪದವೂ ಮೂಲದಲ್ಲಿ ಒಂದೇ. ಎರಡಕ್ಕೂ ಗ್ರೀಕಿನ ‘ಖೊಲೆರಾ’ ತಾಯಿ. ಬಂದ ದಾರಿ ಮಾತ್ರ ಬೇರೆ. ಕನ್ನಡ ರೂಪದ ಮೊದಲಕ್ಷರದಲ್ಲಿರುವ ಆಕಾರವೇ ಅದಕ್ಕೆ ಸಾಕ್ಷಿ: ಕಾಲೇಜು, ಡಾಕ್ಟರು, ಆಫೀಸುಗಳಂತೆ ಇದು ಇಂಗ್ಲಿಷಿನಿಂದ ಬಂದದ್ದು.

ಗ್ರೀಕಿನ ‘ಖೊಲೆ’ ಎಂದರೆ ಪಿತ್ತ. ‘ಖೊಲೆರಾ’ ಪದವನ್ನು ಬಹುಮಂದಿ ಇದರಿಂದಲೇ ಸಾಧಿಸುತ್ತಾರೆ. ಮಾಳಿಗೆಯ ನೀರು ಧೋ ಎಂದು ಸುರಿಯುವ ದೋಣಿಗೂ ಅದೇ ಹೆಸರಿದ್ದುದರಿಂದ ಅದೇ ಮೂಲವೆಂದವರೂ ಉಂಟು. ಪಿತ್ತವು ಕೋಪಕ್ಕೆ ಕಾರಣವೆಂಬ ಹಳೆಯ ವೈದ್ಯಮತದಿಂದಾಗಿ ಪೋರ್ಚುಗೀಸಿನಲ್ಲಿ ಇಂದಿಗೂ ‘ಕೊಲೆರ’ ಎಂದರೆ ರೋಗವೂ ಹೌದು, ಕ್ರೋಧವೂ ಹೌದು. ‘ಪಿತ್ತ ನೆತ್ತಿಗೇರಿತು’ ಎನ್ನುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಲಾರದು.

ಗಮನಿಸಬೇಕಾದದ್ದೆಂದರೆ, ಗೋವೆಯಲ್ಲಿ ಈ ವ್ಯಾಧಿಯನ್ನು ಕಂಡ ಪೋರ್ಚುಗೀಸರು ತಮ್ಮ ಪದವೊಂದರಿಂದಲೇ ತೃಪ್ತರಾಗಲಿಲ್ಲ. 1543ರಲ್ಲಿ ಗೋವೆಯನ್ನು ಕಾಡಿದ ಮಾರಿಬೇನೆಯನ್ನು ಇತಿಹಾಸಕಾರ ಗಾಸ್ಪಾರ್ ಕೊರ್ರೇಯಾ ಸ್ಥಳೀಯ ಹೆಸರಿನಿಂದಲೇ ದಾಖಲಿಸಿದನು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ‘ಕೊಲೊಕಿಯುಸ್’ ಗ್ರಂಥದಲ್ಲಿ ವೈದ್ಯ ಗಾರ್ಸಿಯಾ ದ ಓರ್ತಾ ತನ್ನವರ ಹೆಸರಿನ ಜೊತೆಗೆ ಈ ನೆಲದ ‘ಮೊರ್ಶಿ’ಯನ್ನೂ ಅರಬರ ಹೆಸರನ್ನೂ ಕೊಟ್ಟನು, ಯುರೋಪಿನದಕ್ಕಿಂತ ಇಲ್ಲಿನದು ಉಗ್ರವೆಂದೂ ಸಾಮಾನ್ಯವಾಗಿ ಇಪ್ಪತ್ತನಾಲ್ಕು ತಾಸಿನಲ್ಲಿ ಕೊಲ್ಲುವುದೆಂದೂ ಬರೆದನು. ಮರಾಠಿ-ಕೊಂಕಣಿಗಳ ‘ಮೊಡ್ಶಿ’ಯೇ ಆ ಮೊರ್ಶಿ. ಪೋರ್ಚುಗೀಸರ ಬಾಯಲ್ಲಿ ಅದು ‘ಮೊರ್ದೆಶಿಂ’ ಆಯಿತು; ಫ್ರೆಂಚರ ಕಿವಿಗೆ ‘ಮೋರ್ ದ ಶ್ಯಾಂ’, ಅಂದರೆ ‘ನಾಯಿಯ ಸಾವು’ ಎಂದು ಕೇಳಿಸಿತು! ಕೊಂಕಣ ಕರಾವಳಿಯ ಒಂದು ಮಾತು ಹೀಗೆ ಅಪಾರ್ಥದ ಬಲದಿಂದ ದೂರದೇಶ ಸೇರಿತು.

ಆದರೆ ಉಳಿದದ್ದು ಗ್ರೀಕ್ ಪದ. 1817ರಲ್ಲಿ ಬಂಗಾಳದಿಂದ ಹೊರಟ ಮಹಾಸಾಂಕ್ರಾಮಿಕವನ್ನು ಇಂಗ್ಲಿಷ್ ವೈದ್ಯರು ‘ಕಾಲರಾ’ ಎಂದೇ ಕರೆದರು. ಅಲ್ಲಿಯವರೆಗೆ ಯಾವುದೇ ತೀವ್ರ ವಾಂತಿಭೇದಿಗೆ ಸಲ್ಲುತ್ತಿದ್ದ ಹೆಸರು ಕ್ರಮೇಣ ಒಂದೇ ರೋಗಕ್ಕೆ ಸೀಮಿತವಾಯಿತು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ರೋಗಾಣುವನ್ನು ಬೇರ್ಪಡಿಸಿದ ಮೇಲಂತೂ ಪದದ ಗಡಿ ಪ್ರಯೋಗಾಲಯದಲ್ಲಿ ನಿಶ್ಚಿತವಾಯಿತು. ಹೆಸರಿನಲ್ಲಿ ಪಿತ್ತ ಉಳಿಯಿತು, ರೋಗದಲ್ಲಿ ಪಿತ್ತದ ಪಾತ್ರವಿಲ್ಲ.

ಇಲ್ಲಿಯೇ ತೊಡಕು. ವೈದ್ಯನಿಗೆ ‘ಕಾಲರಾ’ ಪರೀಕ್ಷೆಯ ನಂತರ ಹೇಳುವ ಮಾತು. ರೋಗಿಗೆ ಅದು ಊರನ್ನೇ ಬೆದರಿಸುವ ಹೆಸರು. ಸಂಸ್ಕೃತದ ‘ವಿಷೂಚಿಕೆ’ ಸೂಜಿ ಚುಚ್ಚಿದಂಥ ನೋವನ್ನು ಸೂಚಿಸುತ್ತದೆಯಾದರೂ ದಿನಬಳಕೆಯಲ್ಲಿಲ್ಲ. ಕನ್ನಡದ ‘ವಾಂತಿಭೇದಿ’ಯಾದರೋ ಕಂಡದ್ದನ್ನು ಕಂಡಂತೆ ಹೇಳುತ್ತದೆ. ಕೆಲವೇ ತಾಸುಗಳಲ್ಲಿ ದೇಹದ ನೀರು ಬತ್ತುವ ಈ ರೋಗದಲ್ಲಿ ಉಪ್ಪು-ಸಕ್ಕರೆ ಬೆರೆಸಿದ ದ್ರಾವಣವನ್ನು ಕುಡಿಸಲು ರೋಗದ ಹೆಸರು ಖಚಿತವಾಗುವವರೆಗೆ ಕಾಯಬೇಕಿಲ್ಲ. ಬಂದರಿನ ಕನ್ನಡ ಕೇರಿಗಳಿಗೆ ಬರೆಯುವ ಸೂಚನಾಫಲಕದಲ್ಲಿ, ಹಲವು ಭಾಷೆಗಳಿಗೆ ಸಮಾನವಾದ ಪದವಿದೆಯೆಂದು ‘ಕಾಲರಾ’ ಒಂದನ್ನೇ ಬರೆದು ಸುಮ್ಮನಾಗುವುದು ಸರಿಯಲ್ಲ. ಮೊದಲು ‘ವಾಂತಿಭೇದಿ’ ಎಂದಿರಬೇಕು, ಅದರ ಪಕ್ಕದಲ್ಲಿ ‘ಕಾಲರಾ’ ಬರಲಿ.