ಮಾಕಳಿದುರ್ಗದ ಚಾರಣ: ಬೆಟ್ಟ ಹತ್ತಲು ನಿಯಮವೇಕೆ?

ದೊಡ್ಡಬಳ್ಳಾಪುರ: ವಾರಾಂತ್ಯ ಬಂತೆಂದರೆ ರಾಜಧಾನಿಯ ಯುವಜನರು ಬೆಟ್ಟಗಳತ್ತ ಮುಖ ಮಾಡುತ್ತಾರೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಮಾಕಳಿದುರ್ಗ ಅವರ ಮೆಚ್ಚಿನ ತಾಣಗಳಲ್ಲಿ ಒಂದು. ತಪ್ಪಲಲ್ಲಿ ರೈಲು ಹಳಿ, ಸಮೀಪದಲ್ಲೇ ಗುಂಡಮಗೆರೆ ಕೆರೆ, ನೆತ್ತಿಯಲ್ಲಿ ಶಿಥಿಲ ಕೋಟೆ ಹಾಗೂ ಶಿವನ ಗುಡಿ. ಆದರೆ ಮನಬಂದಾಗ ಹೋಗಿ ಹತ್ತಿ ಬರುವ ಕಾಲ ಈಗಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಹಸ್ರಾರು ಚಾರಣಿಗರು ಬಂದದ್ದು ದೊಡ್ಡ ಸುದ್ದಿಯಾಯಿತು. ಆನ್‌ಲೈನ್ ನೋಂದಣಿ ಇಲ್ಲದ ಚಾರಣ ಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ಆರಂಭವಾಯಿತು. ಒಂದು ಪಥಕ್ಕೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿಯನ್ನೂ ಹಾಕಲಾಯಿತು.

ಇಂತಹ ಕಟ್ಟುಪಾಡು ನಮ್ಮಲ್ಲಿ ಮಾತ್ರ ಇರುವುದಲ್ಲ. ಆಫ್ರಿಕಾದ ಅತ್ಯುನ್ನತ ಶಿಖರವಾದ, 5,895 ಮೀಟರ್ ಎತ್ತರದ ಕಿಲಿಮಂಜಾರೊವನ್ನು ಮಾನ್ಯತೆ ಪಡೆದ ಮಾರ್ಗದರ್ಶಿ ಇಲ್ಲದೆ ಏರುವಂತಿಲ್ಲ.

ಬಂಡೆಗಳ ನಡುವಿನ ಬದುಕು

ಹೊರನೋಟಕ್ಕೆ ಬರೀ ಬಂಡೆಯಂತೆ ಕಾಣುವ ಈ ಸೀಮೆಯ ಬೆಟ್ಟಗಳು ಕುರುಚಲು ಕಾಡಿನ ಜೀವಿಗಳಿಗೆ ಆಸರೆ. ನವಿಲು, ಮೊಲ, ಮುಳ್ಳುಹಂದಿ, ಕಾಡುಹಂದಿಗಳ ಜತೆಗೆ ಚಿರತೆಗೂ ಕಲ್ಲುಪೊಟರೆಗಳೇ ಮನೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಷ್ಟೇ ಕಾಣಸಿಗುವ ಹಳದಿ ಕೊರಳಿನ ಪಿಕಳಾರ ಹಕ್ಕಿಯನ್ನು ನೋಡಲು ಪಕ್ಷಿಪ್ರಿಯರು ಸಮೀಪದ ನಂದಿಬೆಟ್ಟಕ್ಕೆ ಬರುತ್ತಾರೆ. ಅಳಿವಿನ ಭೀತಿ ಎದುರಿಸುತ್ತಿರುವ ಪ್ರಭೇದವಿದು. ದೊಡ್ಡಬಳ್ಳಾಪುರದ ಕೆರೆಗಳಿಗೆ ನೀರುಣಿಸಿ ಮುಂದೆ ಕಾವೇರಿಯನ್ನು ಸೇರುವ ಅರ್ಕಾವತಿಯ ಉಗಮವೂ ನಂದಿಯಲ್ಲೇ.

ತಪ್ಪಲಿನವರ ಆತಂಕ

ಚಾರಣಿಗರು ಸಂಜೆಗೆ ನಗರಕ್ಕೆ ಮರಳುತ್ತಾರೆ. ಚಿರತೆಯೊಂದಿಗೆ ಬಾಳಬೇಕಾದವರು ತಪ್ಪಲಿನ ರೈತರು ಹಾಗೂ ಕುರಿಗಾಹಿಗಳು. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲ್ಲೂಕಿನ ಕಂಬಾಳು ಗೊಲ್ಲರಹಟ್ಟಿಯಲ್ಲಿ ಹುಲ್ಲು ತರಲು ಹೋದ ಮಹಿಳೆಯೊಬ್ಬರು ಚಿರತೆ ದಾಳಿಗೆ ಬಲಿಯಾದರು.

ಚಾರಣಿಗರು ಎಸೆಯುವ ತಿಂಡಿ-ತಿನಿಸು ಬೀದಿನಾಯಿಗಳನ್ನು ಸೆಳೆಯುತ್ತದೆ. ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ. ಚಿರತೆ ಸಾಮಾನ್ಯವಾಗಿ ಬೇಟೆಗಿಳಿಯುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಸೂರ್ಯೋದಯ ನೋಡುವ ಆಸೆಯಿಂದ ಕತ್ತಲಲ್ಲಿ ಬೆಟ್ಟ ಹತ್ತುವುದು ಅಪಾಯಕರ ಎನ್ನುವುದು ಇದೇ ಕಾರಣಕ್ಕೆ.

ಇನ್ನೊಂದು ಅಪಾಯ ಬೆಂಕಿಯದು. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. ಬೀಡಿಯ ಒಂದು ಕಿಡಿ ಸಾಕು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳೂ ಬೂದಿಯಾಗುತ್ತವೆ. ಹುಲ್ಲು ಸುಟ್ಟ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿ ಕೆರೆ ಸೇರುತ್ತದೆ. ದನಕರುಗಳ ಮೇವೂ ಹೋಗುತ್ತದೆ, ಕೆರೆಯಲ್ಲಿ ಹೂಳೂ ತುಂಬುತ್ತದೆ.

ಹೋಗುವ ಮುನ್ನ

* ಮುಂಗಡ ನೋಂದಣಿ ಮಾಡಿಸಿ, ಗುರುತಿನ ಚೀಟಿ ಒಯ್ಯಿರಿ. ಬೇಸಿಗೆಯಲ್ಲಿ ಪಥ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.
* ಹಗಲಲ್ಲೇ ಹತ್ತಿ, ಹಗಲಲ್ಲೇ ಇಳಿಯಿರಿ. ಮಕ್ಕಳನ್ನು ಗುಂಪಿನಿಂದ ಹಿಂದೆ ಬಿಡಬೇಡಿ.
* ರೈಲು ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆ ಪ್ರಕಾರ ಅಪರಾಧ.
* ಚಿರತೆ ಕಂಡರೆ ಓಡಬೇಡಿ, ಬಗ್ಗಬೇಡಿ. ಅದರತ್ತ ಮುಖ ಮಾಡಿ ನಿಧಾನವಾಗಿ ಹಿಂದೆ ಸರಿಯಿರಿ.
* ಒಯ್ದ ಪ್ಲಾಸ್ಟಿಕ್ ಹಾಗೂ ಉಳಿದ ಆಹಾರವನ್ನು ಮರಳಿ ತನ್ನಿ.

300 ಮಂದಿಯ ಮಿತಿ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಇಲಾಖೆಯ ಹೊಣೆ. ಆದರೆ ಉಳಿದ ಊಟದ ಪೊಟ್ಟಣವನ್ನು ಬಂಡೆಯ ಮರೆಯಲ್ಲಿ ಬಿಟ್ಟು ಬಂದರೆ ಅದರ ಫಲ ಉಣ್ಣಬೇಕಾದವರು ತಪ್ಪಲಿನ ಹಟ್ಟಿಯವರು.