ಟೆಸ್ಟ್ ಆಡದ ಬೌಲರ್: ರಾಜಿಂದರ್ ಗೋಯಲ್

ಕ್ರಿಕೆಟಿನ ಇತಿಹಾಸವೆಂದರೆ ಟೆಸ್ಟ್ ಪಂದ್ಯಗಳ ಇತಿಹಾಸವೆಂದೇ ನಮ್ಮಲ್ಲಿ ಅನೇಕರ ಭಾವನೆ. ಆದರೆ ಟೆಸ್ಟ್ ಅಂಗಣವನ್ನು ಎಂದೂ ತುಳಿಯದೆ, ರಣಜಿ ಟ್ರೋಫಿಯಂತಹ ದೇಶೀಯ ಪಂದ್ಯಗಳಲ್ಲಿಯೇ ಆಯುಷ್ಯದ ಉತ್ತಮಾಂಶವನ್ನು ಸವೆಸಿದವರು ನೂರಾರು ಮಂದಿ. ಅಂತಹವರ ಏಳುಬೀಳುಗಳನ್ನು ನಿರ್ಧರಿಸುವುದು ಯಾವುದೆಂದು ತಿಳಿಯಬೇಕಾದರೆ, ಎಡಗೈ ಸ್ಪಿನ್ ಬೌಲರ್ ರಾಜಿಂದರ್ ಗೋಯಲ್ ಅವರಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಗೋಯಲ್ ಜನಿಸಿದುದು 1942ರಲ್ಲಿ, ಈಗ ಹರಿಯಾಣಕ್ಕೆ ಸೇರಿರುವ ನರ್ವಾನಾದಲ್ಲಿ. 1958–59ರಲ್ಲಿ, ಇನ್ನೂ ಹದಿನಾರರ ಹುಡುಗನಾಗಿದ್ದಾಗಲೇ, ಪಟಿಯಾಲ ತಂಡದ ಪರವಾಗಿ ಆಡಿದರು. ಅನಂತರ ದಕ್ಷಿಣ ಪಂಜಾಬ್, ದೆಹಲಿ, ಕಡೆಗೆ ಹರಿಯಾಣ. ಹೀಗೆ 1984–85ರವರೆಗೆ ಇಪ್ಪತ್ತೇಳು ಋತುಗಳು. ಪ್ರಥಮ ದರ್ಜೆಯ 157 ಪಂದ್ಯಗಳಲ್ಲಿ ಅವರು ಗಳಿಸಿದ ವಿಕೆಟುಗಳು 750. ಇವುಗಳಲ್ಲಿ ರಣಜಿಯವೇ 637. ಈ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ.

ಈ ಅಂಕೆಗಳನ್ನು ತುಸು ಬಿಡಿಸಿ ನೋಡಬೇಕು. ಇಪ್ಪತ್ತೇಳು ಋತುಗಳಿಗೆ 157 ಪಂದ್ಯಗಳೆಂದರೆ ವರ್ಷಕ್ಕೆ ಆರೂ ಆಗಲಿಲ್ಲ. ಆ ಕಾಲದಲ್ಲಿ ರಣಜಿ ಪಂದ್ಯಗಳು ವಲಯವಾರಾಗಿ ನಡೆಯುತ್ತಿದ್ದವು. ವಲಯದಲ್ಲಿ ಹಿಂದೆ ಬಿದ್ದ ತಂಡಕ್ಕೆ ಬೆರಳೆಣಿಕೆಯ ಪಂದ್ಯಗಳಲ್ಲಿಯೇ ವರ್ಷ ಮುಗಿದುಹೋಗುತ್ತಿತ್ತು. ಉತ್ತರ ವಲಯದಲ್ಲಿ ಜಮ್ಮು-ಕಾಶ್ಮೀರದಂತಹ ದುರ್ಬಲ ತಂಡಗಳೂ ಇದ್ದುವಲ್ಲ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದೇ ದುರ್ಬಲ ತಂಡಗಳ ಎದುರು ಇತರರೂ ಬೌಲ್ ಮಾಡಿದರು. 637ನ್ನು ಮುಟ್ಟಿದವರು ಬೇರೊಬ್ಬರಿಲ್ಲ.

ಇನ್ನು ಜೀವನೋಪಾಯದ ಮಾತು. ಇಂಗ್ಲೆಂಡಿನ ಕೌಂಟಿಗಳಲ್ಲಿ ಸಂಬಳಕ್ಕಾಗಿ ಆಡುವವನು ವೃತ್ತಿಗಾರ, ಹವ್ಯಾಸಕ್ಕಾಗಿ ಆಡುವವನು ಬೇರೆ ಎಂಬ ಭೇದ 1962ರವರೆಗೂ ಇದ್ದಿತು. ನಮ್ಮಲ್ಲಿ ಆ ಎರಡೂ ವರ್ಗಗಳಿಗೆ ಸಲ್ಲದ ಮೂರನೆಯದೊಂದು ಬೆಳೆಯಿತು: ಬ್ಯಾಂಕು, ರೈಲ್ವೆ ಅಥವಾ ಕಾರ್ಖಾನೆಯಲ್ಲಿ ಉದ್ಯೋಗ, ಋತು ಬಂದಾಗ ರಜೆ, ಆಟ. ಗೋಯಲ್ ಅವರೂ ಬ್ಯಾಂಕ್ ನೌಕರರೇ. ಆಟದಿಂದ ಹೆಸರು, ಮೇಜಿನಿಂದ ಅನ್ನ. ಹರಾಜಿನಲ್ಲಿ ಆಟಗಾರರಿಗೆ ಕೋಟಿಗಟ್ಟಲೆ ಬೆಲೆ ಕಟ್ಟುವ ಐಪಿಎಲ್ ಹುಟ್ಟಿದುದು 2008ರಲ್ಲಿ, ಗೋಯಲ್ ನಿವೃತ್ತರಾಗಿ ಎರಡು ದಶಕಗಳು ಕಳೆದ ಮೇಲೆ.

ಇಂತಹ ಬೌಲರಿಗೆ ಟೆಸ್ಟ್ ಸ್ಥಾನ ಏಕೆ ಸಿಗಲಿಲ್ಲ? ಉತ್ತರ ಒಂದೇ ಹೆಸರಿನಲ್ಲಿದೆ: ಬಿಷನ್ ಸಿಂಗ್ ಬೇಡಿ. ಒಂದು ತಂಡದಲ್ಲಿ ಇಬ್ಬರು ಎಡಗೈ ಸ್ಪಿನ್ನರುಗಳಿಗೆ ಸ್ಥಳವಿರುವುದು ವಿರಳ. ಬೇಡಿಯವರದು ಚೆಂಡನ್ನು ಗಾಳಿಯಲ್ಲಿ ತೇಲಿಸಿ ಬ್ಯಾಟುಗಾರನನ್ನು ಮರುಳುಗೊಳಿಸುವ ಕಲೆ. ಗೋಯಲ್ ಅವರದು ತುಸು ವೇಗದ, ಒಂದೇ ಜಾಗಕ್ಕೆ ಬಿಡದೆ ಬೀಳುವ, ಬಿಗಿಯಾದ ಬೌಲಿಂಗು. 67 ಟೆಸ್ಟುಗಳಲ್ಲಿ 266 ವಿಕೆಟ್ ಪಡೆದ ಬೇಡಿಯವರನ್ನು ಆರಿಸಿದುದು ತಪ್ಪೆಂದು ಯಾರೂ ಹೇಳಲಾರರು. ಬೊಂಬಾಯಿಯ ಪದ್ಮಾಕರ ಶಿವಾಲ್ಕರರ ಪಾಡೂ ಇದೇ ಆಯಿತು.

ಆದರೆ ಒಂದು ಸಂದರ್ಭಕ್ಕೆ ಈ ಸಮಾಧಾನ ಸಲ್ಲದು. 1974ರ ನವೆಂಬರಿನಲ್ಲಿ ಬೆಂಗಳೂರಿನ ಹೊಸ ಕ್ರೀಡಾಂಗಣದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿನ ಮೊತ್ತಮೊದಲ ಟೆಸ್ಟ್ ನಡೆಯಿತು. ಶಿಸ್ತಿನ ಕಾರಣದಿಂದ ಮಂಡಲಿ ಬೇಡಿಯವರನ್ನು ಹೊರಗಿಟ್ಟಿತ್ತು. ಗೋಯಲ್ ಅವರಿಗೆ ಕರೆ ಬಂದಿತು. ಮೂವತ್ತೆರಡರ ವಯಸ್ಸು, ಹದಿನಾರು ವರ್ಷಗಳ ಕಾಯುವಿಕೆ. ಕಡೆಗೆ ಪ್ರಕಟವಾದ ಹನ್ನೊಂದು ಮಂದಿಯಲ್ಲಿ ಅವರ ಹೆಸರಿರಲಿಲ್ಲ. ನಮ್ಮ ಪ್ರಸನ್ನ, ಚಂದ್ರಶೇಖರರೊಡನೆ ಮೂರನೆಯ ಸ್ಪಿನ್ನರಾಗಿ ವೆಂಕಟರಾಘವನ್ ಆಡಿದರು. ಪ್ರಸನ್ನ, ವೆಂಕಟರಾಘವನ್ ಇಬ್ಬರೂ ಆಫ್ ಸ್ಪಿನ್ನರುಗಳು. ಎಡಗೈ ಸ್ಪಿನ್ನಿನ ವೈವಿಧ್ಯ ಕೈಯಳತೆಯಲ್ಲಿದ್ದೂ ಅದನ್ನು ಬಿಟ್ಟುದು, ನನ್ನ ದೃಷ್ಟಿಯಲ್ಲಿ, ದುಡುಕು. ಭಾರತ 267 ಓಟಗಳಿಂದ ಸೋತಿತು. ಮುಂದಿನ ಟೆಸ್ಟಿಗೆ ಬೇಡಿ ಮರಳಿದರು. ಗೋಯಲ್ ರಣಜಿಗೆ ಮರಳಿದರು. ಅನಂತರವೂ ಅವರು ಹತ್ತು ವರ್ಷ ಆಡಿದರು. ಹರಿಯಾಣ ಮೊದಲ ಸಲ ರಣಜಿ ಫೈನಲ್ ತಲುಪಿದುದು 1985–86ರಲ್ಲಿ, ಅಂದರೆ ಅವರು ಬಿಟ್ಟ ಮರುವರ್ಷವೇ!

ಸುನಿಲ್ ಗವಾಸ್ಕರ್ ತಮ್ಮ ಆರಾಧ್ಯ ಆಟಗಾರರನ್ನು ಕುರಿತ ‘ಐಡಲ್ಸ್’ ಪುಸ್ತಕದಲ್ಲಿ, ಟೆಸ್ಟ್ ವೀರರ ಪಂಕ್ತಿಯಲ್ಲಿಯೇ ಗೋಯಲ್ ಮತ್ತು ಶಿವಾಲ್ಕರರಿಗೂ ಸ್ಥಾನ ಕೊಟ್ಟಿದ್ದಾರೆ. ಮಂಡಲಿ ಇವರಿಬ್ಬರಿಗೂ ಸಿ. ಕೆ. ನಾಯುಡು ಜೀವಮಾನ ಸಾಧನೆಯ ಪ್ರಶಸ್ತಿಯನ್ನು ನೀಡಿದುದು 2017ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಗೋಯಲ್ ಅವರಿಗೆ ಆಗ ಎಪ್ಪತ್ತನಾಲ್ಕು ವರ್ಷ. 2020ರ ಜೂನಿನಲ್ಲಿ ಅವರು ತೀರಿಕೊಂಡರು.